ಷಡ್ಜ ‘ವಿ’ ಕೀಲಿಯಲ್ಲಿದ್ದರೆ

ಕಂಪ್ಯೂಟರಿನ ಕೀಲಿಮಣೆಯನ್ನೂ ವಾದ್ಯವಾಗಿಸಬಹುದು, ಆದರೆ ಹಾರ್ಮೋನಿಯಂನ ಮನೆಗಳನ್ನು ಹಾಗೆಯೇ ತಂದು ಅದರ ಮೇಲೆ ಕೂರಿಸುವುದು ಜಾಣತನವಲ್ಲ ಎಂದು ಹಿಂದೊಮ್ಮೆ ಈ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಆ ಒಂದು ಮಾತನ್ನು ಹಿಡಿದು ಬಂದ ಪತ್ರಗಳನ್ನೇ ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹಳೆಯ ಕೀಲಿಮಣೆಗಳು ಬೇಕಾದಷ್ಟಿವೆ, ಹಾರ್ಮೋನಿಯಂ ಒಂದೇ ಇದೆ. ಉಚಿತವಾಗಿ ಸಿಗುವ ಒಂದು ತಂತ್ರಾಂಶದಲ್ಲಿ ‘ಎ’ ಯಿಂದ ‘ಕೆ’ ವರೆಗಿನ ಸಾಲು ಬಿಳಿಯ ಮನೆಗಳಾಗಿಯೂ ಅದರ ಮೇಲಿನ ಸಾಲು ಕಪ್ಪು ಮನೆಗಳಾಗಿಯೂ ನುಡಿಯುತ್ತವೆ. ಮಕ್ಕಳು ಶಂಕರಾಭರಣವನ್ನು ಸಲೀಸಾಗಿ ನುಡಿಸುತ್ತಾರೆ, ಬೇರೆ ರಾಗಕ್ಕೆ ಬಂದರೆ ತಡವರಿಸುತ್ತಾರೆ. ಬೇರೆ ಜೋಡಣೆ ಉಂಟೇ? (ಶಿವಮೊಗ್ಗ ಜಿಲ್ಲೆಯ ಶಿಕ್ಷಕಿಯೊಬ್ಬರು)

ಉತ್ತರ: ಉಂಟು, ಮತ್ತು ಅದಕ್ಕೆ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

ಮೊದಲು ಈಗಿನ ಜೋಡಣೆಯ ತೊಡಕನ್ನು ನೋಡೋಣ. ಪಿಯಾನೊದಲ್ಲಿ ಬಿಳಿಯ ಮನೆಗಳು ಉದ್ದ, ಕಪ್ಪು ಮನೆಗಳು ಗಿಡ್ಡ ಹಾಗೂ ಎತ್ತರ, ಆದ್ದರಿಂದ ಬೆರಳಿಗೆ ಕಣ್ಣಿನ ನೆರವು ಬೇಕಾಗುವುದಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಕೀಲಿಗಳೂ ಒಂದೇ ಅಳತೆಯವು, ಒಂದರಿಂದ ಇನ್ನೊಂದಕ್ಕೆ ಸುಮಾರು 19 ಮಿಲಿಮೀಟರ್ ಅಂತರದಲ್ಲಿ ಜೋಡಿಸಿದವು. ಪಿಯಾನೊದ ನಕಲು ಮಾಡಹೊರಟಾಗ, ‘ಅಂತರ ಗಾಂಧಾರ’ ಎಂಬ ಗ ಕ್ಕೂ ‘ಶುದ್ಧ ಮಧ್ಯಮ’ ಎಂಬ ಮ ಕ್ಕೂ ನಡುವೆ ಕಪ್ಪು ಮನೆ ಇಲ್ಲದ ಕಾರಣ ‘ಆರ್’ ಕೀಲಿ ಮೂಕವಾಗುತ್ತದೆ, ಮೇಲೆ ‘ಐ’ ಕೂಡ ಮೂಕವಾಗುತ್ತದೆ. ಎರಡು ಸಾಲು ಖರ್ಚಾಗಿ ಕೈಗೆ ಸಿಗುವುದು ಒಂದೂವರೆ ಸ್ಥಾಯಿಗಿಂತ (ಸ ದಿಂದ ಮೇಲಿನ ಸ ವರೆಗಿನದು ಒಂದು ಸ್ಥಾಯಿ) ಹೆಚ್ಚಲ್ಲ. ವಾದ್ಯದ ಹೊರರೂಪ ಬಂದಿತು, ಅದರ ಅನುಕೂಲ ಬರಲಿಲ್ಲ.

ಕೀಲಿಮಣೆಯ ಸಾಲುಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲದೆ ಸ್ವಲ್ಪ ಸ್ವಲ್ಪ ಬಲಕ್ಕೆ ಸರಿದಿರುವುದನ್ನು ಎಲ್ಲರೂ ಕಂಡಿರುತ್ತಾರೆ. 1870ರ ದಶಕದ ಬೆರಳಚ್ಚು ಯಂತ್ರದಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಸನ್ನೆಗೋಲು ಹಾದುಹೋಗಬೇಕಾಗಿತ್ತು, ಅವು ಒಂದಕ್ಕೊಂದು ತಾಗದಿರಲೆಂದು ಸಾಲುಗಳನ್ನು ಸರಿಸಿದರು. ಸನ್ನೆಗೋಲುಗಳು ಹೋಗಿ ಎಷ್ಟೋ ಕಾಲವಾದರೂ ಆ ಓರೆ ಉಳಿದುಕೊಂಡಿದೆ. ಟೈಪ್ ಮಾಡುವವರಿಗೆ ಅದರಿಂದ ಯಾವ ಉಪಕಾರವೂ ಇಲ್ಲ, ಆದರೆ ಸಂಗೀತಕ್ಕೆ ಅದೇ ವರ. ಓರೆಯಿಂದಾಗಿ ಪ್ರತಿ ಕೀಲಿಯ ನೆತ್ತಿಯ ಮೇಲೂ ಎರಡು ಕೀಲಿಗಳಿವೆ: ಎಡಮೇಲೆ ಒಂದು, ಬಲಮೇಲೆ ಒಂದು. ‘ವಿ’ ಯ ಎಡಮೇಲೆ ‘ಎಫ್’, ಬಲಮೇಲೆ ‘ಜಿ’.

ಸ್ವಿಟ್ಜರ್ಲೆಂಡಿನ ಕಾಸ್ಪರ್ ವಿಕಿ ಎಂಬಾತ 1896ರಲ್ಲಿ ತಿದಿವಾದ್ಯಗಳ ಗುಂಡಿಗಳಿಗೆಂದು ಒಂದು ಜೋಡಣೆಗೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಬ್ರಯನ್ ಹೇಡನ್ ಅದನ್ನೇ ಸ್ವತಂತ್ರವಾಗಿ ಕಂಡುಕೊಂಡು ಕನ್ಸರ್ಟೀನಾ ಎಂಬ ಪುಟ್ಟ ತಿದಿವಾದ್ಯಕ್ಕೆ ಅಳವಡಿಸಿದ್ದರಿಂದ ಇಬ್ಬರ ಹೆಸರೂ ಸೇರಿ ಅದು ವಿಕಿ–ಹೇಡನ್ ಜೋಡಣೆ ಎನಿಸಿಕೊಂಡಿದೆ. ಅದರ ನಿಯಮ ಮೂರೇ ಮಾತಿನದು. ಬಲಗಡೆಯ ಕೀಲಿಗೆ ಸರಿದರೆ ಎರಡು ಸ್ವರಸ್ಥಾನ (ಒಂದು ಸ್ಥಾಯಿಯ ಹನ್ನೆರಡು ಮೆಟ್ಟಿಲುಗಳಲ್ಲಿ ಎರಡು) ಏರಬೇಕು, ಎಡಮೇಲಿನ ಕೀಲಿಗೆ ಹೋದರೆ ಐದು ಏರಬೇಕು, ಬಲಮೇಲಿನ ಕೀಲಿಗೆ ಹೋದರೆ ಏಳು ಏರಬೇಕು. ಅಂದರೆ ಯಾವ ಕೀಲಿಯನ್ನು ಷಡ್ಜ, ಅಂದರೆ ಸ, ಎಂದುಕೊಂಡರೂ ಅದರ ಎಡಮೇಲೆ ಶುದ್ಧ ಮಧ್ಯಮ ಇರುತ್ತದೆ, ಬಲಮೇಲೆ ಪಂಚಮ, ಅಂದರೆ ಪ, ಇರುತ್ತದೆ. ಐದೂ ಏಳೂ ಸೇರಿ ಹನ್ನೆರಡಾಗುವುದರಿಂದ, ಎರಡು ಸಾಲು ಮೇಲೆ ಹೆಚ್ಚುಕಡಿಮೆ ನೇರದಲ್ಲಿಯೇ ತಾರ ಷಡ್ಜ (ಮೇಲಿನ ಸ್ಥಾಯಿಯ ಸ) ಸಿಗುತ್ತದೆ.

ನಾನು ಬಹಳ ಬಗೆಯಲ್ಲಿ ಪ್ರಯತ್ನಿಸಿ ಕೊನೆಗೆ ‘ವಿ’ ಕೀಲಿಯನ್ನು ಷಡ್ಜವಾಗಿ ಇರಿಸಿಕೊಂಡಿದ್ದೇನೆ. ಆಗ ಕೆಳಸಾಲಿನಲ್ಲಿ ‘ಬಿ’ ಚತುಶ್ರುತಿ ರಿಷಭ, ‘ಎನ್’ ಅಂತರ ಗಾಂಧಾರ, ‘ಎಂ’ ಪ್ರತಿ ಮಧ್ಯಮ. ನಡುಸಾಲಿನಲ್ಲಿ ‘ಎಸ್’ ಶುದ್ಧ ರಿಷಭ, ‘ಡಿ’ ಸಾಧಾರಣ ಗಾಂಧಾರ, ‘ಎಫ್’ ಶುದ್ಧ ಮಧ್ಯಮ, ‘ಜಿ’ ಪಂಚಮ, ‘ಎಚ್’ ಚತುಶ್ರುತಿ ಧೈವತ, ‘ಜೆ’ ಕಾಕಲಿ ನಿಷಾದ. ಅದರ ಮೇಲಿನ ಸಾಲಿನಲ್ಲಿ ‘ಇ’ ಶುದ್ಧ ಧೈವತ, ‘ಆರ್’ ಕೈಶಿಕಿ ನಿಷಾದ, ‘ಟಿ’ ತಾರ ಷಡ್ಜ. ಹನ್ನೆರಡು ಸ್ವರಸ್ಥಾನಗಳೂ ಬಂದವು, ಮೂಕ ಕೀಲಿ ಒಂದೂ ಉಳಿಯಲಿಲ್ಲ. ‘ಎಸ್’ ಅಕ್ಷರದಲ್ಲಿ ಸ ಇಲ್ಲದೆ ರಿ ಇರುವುದು ಮೊದಲ ಎರಡು ದಿನ ಗೊಂದಲ ಮಾಡುತ್ತದೆ, ಆದ್ದರಿಂದ ಕೀಲಿಗಳ ಮೇಲೆ ಸ್ವರಾಕ್ಷರದ ಚೀಟಿ ಅಂಟಿಸಿಬಿಡಿ.

ಈಗ ಮಕ್ಕಳ ಮೊದಲ ರಾಗವಾದ ಮಾಯಾಮಾಳವಗೌಳಕ್ಕೆ ಬರೋಣ. ಸರಿಗಮ ಎಂದರೆ ವಿ, ಎಸ್, ಎನ್, ಎಫ್. ಪದನಿಸ ಎಂದರೆ ಜಿ, ಇ, ಜೆ, ಟಿ. ಕೀಲಿಮಣೆಯ ಮೇಲೆ ಬೆರಳಿಟ್ಟು ನೋಡಿದರೆ, ಮೊದಲ ನಾಲ್ಕರ ಆಕಾರವನ್ನೇ ಬಲಮೇಲಕ್ಕೆ ಒಂದು ಹೆಜ್ಜೆ ಜರುಗಿಸಿದಾಗ ಉಳಿದ ನಾಲ್ಕು ಸಿಗುವುದು ಕಾಣುತ್ತದೆ. ಈ ರಾಗದ ಪೂರ್ವಾಂಗ ಉತ್ತರಾಂಗಗಳು ಒಂದನ್ನೊಂದು ಹೋಲುತ್ತವೆ ಎಂದು ಗುರುಗಳು ಬಾಯಲ್ಲಿ ಹೇಳುವುದನ್ನು ಇಲ್ಲಿ ಬೆರಳು ತಾನಾಗಿ ತಿಳಿದುಕೊಳ್ಳುತ್ತದೆ. ಶಂಕರಾಭರಣದ ವಿ, ಬಿ, ಎನ್, ಎಫ್ ಹಾಗೂ ಜಿ, ಎಚ್, ಜೆ, ಟಿ ಕೂಡ ಹಾಗೆಯೇ. ಖರಹರಪ್ರಿಯ, ಹನುಮತೋಡಿಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳ ಕೀಲಿಗಳನ್ನು ನಾನು ಹೇಳುವುದಕ್ಕಿಂತ ಮಕ್ಕಳೇ ಹುಡುಕಿಕೊಂಡರೆ ಚೆನ್ನ. ಕಲ್ಯಾಣಿಯಲ್ಲಿ ಮಾತ್ರ ಈ ಸಮತೆ ಮುರಿಯುತ್ತದೆ, ಏಕೆ ಮುರಿಯಿತು ಎಂದು ಕೇಳಿದರೆ ಮಧ್ಯಮದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಒಂದು ಕೊರತೆಯನ್ನು ಮರೆಮಾಚಬಾರದು. ಈ ಜೋಡಣೆಯಲ್ಲಿ ಮಂದ್ರ (ಕೆಳಗಿನ ಸ್ಥಾಯಿಯ) ಕಾಕಲಿ ನಿಷಾದ ‘ಎ’ ಕೀಲಿಯಲ್ಲಿ ಸಿಗುತ್ತದೆ, ಅದರ ಎಡಕ್ಕೆ ಮಂದ್ರ ಚತುಶ್ರುತಿ ಧೈವತ ಇರಬೇಕಾದ ಜಾಗದಲ್ಲಿ ಕ್ಯಾಪ್ಸ್ ಲಾಕ್ ಕುಳಿತಿದೆ, ಮಂದ್ರ ಪಂಚಮಕ್ಕೆ ಜಾಗವೇ ಇಲ್ಲ. ಮಂದ್ರಸ್ಥಾಯಿ ವರಸೆಗಳನ್ನು ಹೇಳಿಕೊಡುವಾಗ ತಂತ್ರಾಂಶದಲ್ಲಿ ಇಡೀ ಕೀಲಿಮಣೆಯನ್ನು ಒಂದು ಸ್ಥಾಯಿ ಕೆಳಗಿಳಿಸಿ, ‘ಟಿ’ ಯನ್ನು ಮಧ್ಯ ಷಡ್ಜವೆಂದು ಇಟ್ಟುಕೊಳ್ಳಬೇಕು. ಆಗ ಸಂಖ್ಯೆಗಳ ಸಾಲು ಮೇಲಿನ ಸ್ವರಗಳಿಗೆ ಒದಗುತ್ತದೆ.

ಪ್ರಶ್ನೆ: ನಮ್ಮ ಭಾಗವತರು ಒಂದೊಂದು ಪ್ರಸಂಗಕ್ಕೆ ಒಂದೊಂದು ಶ್ರುತಿ ಹಿಡಿಯುತ್ತಾರೆ. ಕಪ್ಪು ಎರಡಕ್ಕೆ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಗೆ) ಬದಲಾದರೆ ಬೆರಳುಗಳನ್ನೆಲ್ಲ ಹೊಸದಾಗಿ ಕಲಿಯಬೇಕೇ? (ಉಡುಪಿಯ ಯಕ್ಷಗಾನ ಹವ್ಯಾಸಿ)

ಉತ್ತರ: ಬೇಡ. ವಿದ್ಯುನ್ಮಾನ ವಾದ್ಯಗಳ ನಡುವೆ 1983ರಿಂದ ಬಳಕೆಯಲ್ಲಿರುವ ಮಿಡಿ ಎಂಬ ಒಡಂಬಡಿಕೆಯಲ್ಲಿ ಪ್ರತಿ ಸ್ವರಕ್ಕೂ 0 ಯಿಂದ 127ರ ತನಕ ಒಂದು ಸಂಖ್ಯೆ ಇದೆ. ಬಿಳಿ ಒಂದು ಎಂದರೆ 60, ಕಪ್ಪು ಒಂದು 61, ಕಪ್ಪು ಎರಡು 63, ಕಪ್ಪು ಮೂರು 66. ತಂತ್ರಾಂಶದಲ್ಲಿ ಷಡ್ಜದ ಸಂಖ್ಯೆಯೊಂದನ್ನು ಬದಲಿಸಿದರೆ ಉಳಿದದ್ದೆಲ್ಲ ಅದನ್ನೇ ಹಿಂಬಾಲಿಸುತ್ತದೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಮನೆಗಳ ಸಾಲನ್ನೇ ಸರಿಸುವ ಕೆಲಸ ಇಲ್ಲಿ ಒಂದು ಕೂಡುವ ಲೆಕ್ಕ.

ಪಾಶ್ಚಾತ್ಯ ಬರಹಗಾರರು ಇಂತಹ ಜೋಡಣೆಗಳನ್ನು ಹೊಗಳುವಾಗ, ಯಾವ ಶ್ರುತಿಯಲ್ಲಿ ನುಡಿಸಿದರೂ ಬೆರಳಿನ ಆಕಾರ ಒಂದೇ ಎಂಬುದನ್ನೇ ಮೊದಲ ಗುಣವೆಂದು ಹೇಳುತ್ತಾರೆ. ಒಂದು ಕೃತಿಯ ನಡುವೆಯೇ ಆಧಾರಸ್ವರ ಬದಲಾಗುವ ಅವರ ಸಂಗೀತಕ್ಕೆ ಅದು ದೊಡ್ಡ ಮಾತು. ನಮ್ಮಲ್ಲಿ ಕಛೇರಿ ಮುಗಿಯುವವರೆಗೂ ಷಡ್ಜ ಸಾಮಾನ್ಯವಾಗಿ ಕದಲುವುದಿಲ್ಲ, ಹಾಗಾಗಿ ಆ ಲಾಭ ನಮಗೆ ಅಷ್ಟೇನೂ ದೊಡ್ಡದಲ್ಲ. ನಮಗೆ ಸಿಗುವ ಲಾಭ ಒಂದಕ್ಕೊಂದು ಹೊಂದುವ ಸಂವಾದಿ ಸ್ವರಗಳು ಕಣ್ಣಿಗೆ ಕಾಣುವುದು: ರಿಷಭದ ಬಲಮೇಲೆ ಅದರ ಧೈವತ, ಗಾಂಧಾರದ ಬಲಮೇಲೆ ಅದರ ನಿಷಾದ.

ಪ್ರಶ್ನೆ: ಬ್ರೌಸರಿನಲ್ಲಿ ನಡೆಯುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಕೀಲಿಯನ್ನು ಒತ್ತಿ ಹಿಡಿದರೆ ಸ್ವರ ನಿಲ್ಲದೆ ಮತ್ತೆ ಮತ್ತೆ ಹೊಡೆಯುತ್ತದೆ. ಕನ್ನಡ ಕೀಲಿಮಣೆಗೆ ಬದಲಾಯಿಸಿಕೊಂಡಾಗ ಯಾವ ಸ್ವರವೂ ಬರುವುದಿಲ್ಲ. ಎಲ್ಲಿ ತಪ್ಪಿದ್ದೇನೆ? (ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಎರಡೂ ತಪ್ಪುಗಳನ್ನು ನಾನೂ ಮಾಡಿದವನೇ. ಕೀಲಿಯನ್ನು ಒತ್ತಿ ಹಿಡಿದಾಗ ಅದೇ ಅಕ್ಷರ ಸಾಲಾಗಿ ಮೂಡಲೆಂದು ಕಾರ್ಯಾಚರಣ ವ್ಯವಸ್ಥೆ ‘ಕೀ ಡೌನ್’ ಸುದ್ದಿಯನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಆ ಸುದ್ದಿಯ ಜೊತೆಗೆ ‘ರಿಪೀಟ್’ ಎಂಬ ಗುರುತೊಂದು ಬರುತ್ತದೆ. ಅದು ನಿಜವೆಂದಿದ್ದರೆ ಸುದ್ದಿಯನ್ನು ಕಡೆಗಣಿಸಿ, ಕೈ ಬಿಟ್ಟಾಗ ಬರುವ ‘ಕೀ ಅಪ್’ ಗೆ ಮಾತ್ರ ಸ್ವರವನ್ನು ನಿಲ್ಲಿಸಬೇಕು.

ಎರಡನೆಯ ತೊಂದರೆ ಇನ್ನೂ ಸ್ವಾರಸ್ಯದ್ದು. ನೀವು ಕೀಲಿಯಿಂದ ಮೂಡುವ ಅಕ್ಷರವನ್ನು ನೋಡುತ್ತಿದ್ದೀರಿ, ನೋಡಬೇಕಾದದ್ದು ಕೀಲಿಯ ಸ್ಥಾನವನ್ನು. ಇಂಗ್ಲಿಷಿನ ‘ವಿ’ ಕೀಲಿ ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ‘ವ’ ಕೊಡುತ್ತದೆ, ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ನ’ ಕೊಡುತ್ತದೆ. ಅಕ್ಷರವನ್ನು ನಂಬಿದ ಪ್ರೋಗ್ರಾಂಗೆ ಇವೆರಡೂ ಅಪರಿಚಿತ. ಬ್ರೌಸರು ಕೊಡುವ ‘ಕೀ’ ಎಂಬ ಮಾಹಿತಿ ಅಕ್ಷರಕ್ಕೆ ಸಂಬಂಧಿಸಿದ್ದು, ‘ಕೋಡ್’ ಎಂಬುದು ಸ್ಥಾನಕ್ಕೆ ಸಂಬಂಧಿಸಿದ್ದು. ಎರಡನೆಯದನ್ನು ಹಿಡಿದರೆ ಯಾವ ಭಾಷೆಯ ವಿನ್ಯಾಸವಿದ್ದರೂ ವಾದ್ಯ ಅಲುಗುವುದಿಲ್ಲ. ನುಡಿಸುವವರಿಗೆ ಬೇಕಾದದ್ದು ಬೆರಳು ಎಲ್ಲಿದೆ ಎಂಬುದೇ ಹೊರತು ಅಲ್ಲಿ ಯಾವ ಅಕ್ಷರ ಅಚ್ಚಾಗಿದೆ ಎಂಬುದಲ್ಲ.

ಹೇಗೂ ಬರೆಯುತ್ತಿದ್ದೀರಿ, ಇನ್ನೆರಡು ಮಾತು ಸೇರಿಸಿಕೊಳ್ಳಿ. ಕೀಲಿ ಒತ್ತಿರುವಾಗಲೇ ಬೇರೆ ಕಿಟಕಿಗೆ ಹೋದರೆ ‘ಕೀ ಅಪ್’ ಸುದ್ದಿ ನಿಮ್ಮ ಪುಟಕ್ಕೆ ತಲುಪದೆ ಸ್ವರ ಅನಾಥವಾಗಿ ಕೂಗುತ್ತಲೇ ಇರುತ್ತದೆ, ಆದ್ದರಿಂದ ಪುಟವು ಗಮನ ಕಳೆದುಕೊಂಡೊಡನೆ ಎಲ್ಲ ಸ್ವರಗಳನ್ನೂ ನಿಲ್ಲಿಸಿ. ಫೈರ್‌ಫಾಕ್ಸ್‌ನಲ್ಲಿ ಓರೆಗೆರೆಯ ಕೀಲಿಯೂ ಒಂಟಿ ಉದ್ಧರಣ ಚಿಹ್ನೆಯ ಕೀಲಿಯೂ ಹುಡುಕುವ ಪಟ್ಟಿಯನ್ನು ತೆರೆಯುತ್ತವೆ, ಅವುಗಳ ಸಹಜ ಕೆಲಸವನ್ನು ತಡೆಯದಿದ್ದರೆ ಆಲಾಪನೆಯ ನಡುವೆ ಪಟ್ಟಿ ಹಾರಿ ಬರುತ್ತದೆ.

ಪ್ರಶ್ನೆ: ಮೂರು ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೆಲವೊಮ್ಮೆ ಒಂದು ಸ್ವರ ಬರುವುದೇ ಇಲ್ಲ. ಕೀಲಿಮಣೆ ಹಾಳಾಗಿದೆಯೇ? (ಧಾರವಾಡದ ಹಾರ್ಮೋನಿಯಂ ವಿದ್ಯಾರ್ಥಿ)

ಉತ್ತರ: ಹಾಳಾಗಿಲ್ಲ, ಅಗ್ಗದ್ದಾಗಿದೆ. ನೂರಕ್ಕೂ ಹೆಚ್ಚು ಕೀಲಿಗಳಿಗೆ ಒಂದೊಂದು ತಂತಿ ಎಳೆಯುವುದು ದುಬಾರಿಯಾದ್ದರಿಂದ, ಅಡ್ಡ ಗೆರೆಗಳನ್ನೂ ಉದ್ದ ಗೆರೆಗಳನ್ನೂ ಹಾಸು–ಹೊಕ್ಕಿನಂತೆ ಹೆಣೆದು ಅವು ಕೂಡುವಲ್ಲಿ ಕೀಲಿಗಳನ್ನು ಇಡುತ್ತಾರೆ. ಒಂದು ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಸುತ್ತಿ ಬಳಸಿ ನಾಲ್ಕನೆಯ ಮೂಲೆಗೂ ಹರಿದು, ಒತ್ತದ ಕೀಲಿಯೂ ಒತ್ತಿದಂತೆ ಕಾಣುತ್ತದೆ. ಆ ದೆವ್ವದ ಅಕ್ಷರ ಪರದೆಯ ಮೇಲೆ ಮೂಡದಿರಲೆಂದು ಕೀಲಿಮಣೆಯು ಸಂಶಯ ಬಂದ ಕೂಡಲೇ ಮೂರನೆಯ ಕೀಲಿಯನ್ನೇ ಬಿಟ್ಟುಬಿಡುತ್ತದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಪ್ರತಿ ಕೀಲಿಗೂ ಒಂದು ಇರುವ ದುಬಾರಿ ಕೀಲಿಮಣೆಗಳಲ್ಲಿ ಈ ತೊಂದರೆ ಇಲ್ಲ. ಇನ್ನೊಂದು ಮಿತಿಯೂ ಇದೆ: ಯುಎಸ್‌ಬಿಯ ಅತಿ ಸರಳ ಒಪ್ಪಂದದಲ್ಲಿ, ಶಿಫ್ಟ್ ಮೊದಲಾದವುಗಳನ್ನು ಬಿಟ್ಟರೆ, ಒಂದು ಸಲಕ್ಕೆ 6 ಕೀಲಿಗಳ ಸುದ್ದಿ ಮಾತ್ರ ಹೋಗುತ್ತದೆ.

ರಾಗ ನುಡಿಸುವವರಿಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಹಾಯುವಾಗ ಎರಡು ಕೀಲಿಗಳು ಒಟ್ಟಿಗಿದ್ದರೆ ಸಾಕು, ಯಾವ ಕೀಲಿಮಣೆಯೂ ಅಷ್ಟನ್ನು ಕೊಡುತ್ತದೆ. ಎಡಗೈಯಲ್ಲಿ ಷಡ್ಜ ಪಂಚಮಗಳನ್ನು ಹಿಡಿದು ಬಲಗೈಯಲ್ಲಿ ನುಡಿಸಬೇಕೆಂಬ ಆಸೆ ಇದ್ದರೆ, ಆ ಎರಡು ಸ್ವರಗಳನ್ನು ತಂತ್ರಾಂಶದಲ್ಲಿಯೇ ತಂಬೂರಿಯಂತೆ ನಿಲ್ಲಿಸಿಬಿಡುವುದು ಮೇಲು.

ಪ್ರಶ್ನೆ: ಒತ್ತಿದ ಮೇಲೆ ಸ್ವರ ತಡವಾಗಿ ಕೇಳುತ್ತದೆ. (ಸಿಂಗಪುರದ ಓದುಗರು)

ಉತ್ತರ: ಬ್ಲೂಟೂತ್ ಇಯರ್‌ಫೋನ್ ತೆಗೆದು ತಂತಿಯದನ್ನು ಹಾಕಿಕೊಂಡು ನೋಡಿ, ಬಹುಪಾಲು ದೂರುಗಳು ಅಲ್ಲಿಗೇ ಮುಗಿಯುತ್ತವೆ. ಉಳಿದರೆ, ತಂತ್ರಾಂಶದ ಧ್ವನಿ ಬಫರನ್ನು (ಕೇಳಿಸುವ ಮೊದಲು ಧ್ವನಿಯನ್ನು ಕೂಡಿಡುವ ಜಾಗವನ್ನು) ಕಿರಿದಾಗಿಸಿ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 1,024ರ ಬಫರ್ ಸುಮಾರು 21 ಮಿಲಿಸೆಕೆಂಡ್ ತಡ ಮಾಡುತ್ತದೆ, 256ರದು 5 ಮಿಲಿಸೆಕೆಂಡಿನಷ್ಟು ಮಾತ್ರ.

ಪ್ರಶ್ನೆ: ಕಂಪ್ಯೂಟರಿನ ಅಂತರ ಗಾಂಧಾರ ನನ್ನ ತಂಬೂರಿಯೊಡನೆ ಬೆರೆಯುವುದಿಲ್ಲ. ಇದು ನನ್ನ ಕಿವಿಯ ದೋಷವೇ? (ಮೈಸೂರಿನ ವೀಣಾ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ತಂತ್ರಾಂಶಗಳು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುತ್ತವೆ. ಷಡ್ಜವನ್ನು 240 ಹರ್ಟ್ಸ್ ಎಂದಿಟ್ಟುಕೊಂಡರೆ ಸಮಭಾಗದ ಗಾಂಧಾರ 302.4 ಆಗುತ್ತದೆ, ತಂಬೂರಿಯ ತಂತಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ 5:4ರ ಪ್ರಮಾಣದಲ್ಲಿ 300. ಷಡ್ಜದ ಐದನೆಯ ಉಪಸ್ವರ (ಅದರ ಐದು ಪಟ್ಟು) 1,200ರಲ್ಲಿ, ಸಮಭಾಗದ ಗಾಂಧಾರದ ನಾಲ್ಕನೆಯ ಉಪಸ್ವರ 1,209.5ರಲ್ಲಿ ನಿಂತು ಸೆಕೆಂಡಿಗೆ ಒಂಬತ್ತು ಹತ್ತು ಬಾರಿ ಮಿಡಿಯುತ್ತವೆ. ನಿಮಗೆ ಕೇಳುತ್ತಿರುವ ಒರಟು ಅದೇ. ಪಂಚಮ ಮಾತ್ರ 359.6, ಶುದ್ಧವಾದ 360ಕ್ಕೆ ಬಹಳ ಹತ್ತಿರ, ಆದ್ದರಿಂದ ಅದು ಯಾರನ್ನೂ ಕಾಡುವುದಿಲ್ಲ.

ಹಾರ್ಮೋನಿಯಂನ ಪೀಪಿಗಳನ್ನು ಅರೆದು ಶ್ರುತಿ ಮಾಡಬೇಕು, ಇಲ್ಲಿ ಪ್ರತಿ ಕೀಲಿಗೂ ಬೇಕಾದ ಹರ್ಟ್ಸನ್ನು ನೇರವಾಗಿ ಬರೆದುಕೊಳ್ಳಬಹುದು. ಆದರೆ ಬರೆಯಲು ಕುಳಿತಾಗ ಒಂದು ಹಳೆಯ ತಕರಾರು ಎದುರಾಗುತ್ತದೆ. ಚತುಶ್ರುತಿ ರಿಷಭ 270, ಅದರ ಪಂಚಮವಾಗಿ ನಿಂತ ಧೈವತ 405. ಶುದ್ಧ ಮಧ್ಯಮ 320, ಅದರ ಗಾಂಧಾರವಾಗಿ ನಿಂತ ಧೈವತ 400. ಎರಡೂ ನ್ಯಾಯವಾಗಿಯೇ ಹುಟ್ಟಿದವು, ಎರಡೂ ಚತುಶ್ರುತಿ ಧೈವತವೇ, ಆದರೆ ಬೇರೆ ಬೇರೆ. ಸ್ಥಾಯಿಯನ್ನು ಇಪ್ಪತ್ತೆರಡು ಶ್ರುತಿಗಳಾಗಿ ಭಾಗಿಸುವ ಚರ್ಚೆಯಲ್ಲಿ ಬರುವ ಪ್ರಮಾಣಶ್ರುತಿ ಇದೇ 81:80ರ ಅಂತರ. ಹನ್ನೆರಡು ಮನೆಯ ವಾದ್ಯ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಕೈಬಿಡಲೇಬೇಕು. ವಿಕಿ–ಹೇಡನ್ ಜೋಡಣೆಯಲ್ಲಿ ಅನೇಕ ಸ್ವರಗಳು ಎರಡು ಕಡೆ ಸಿಗುತ್ತವೆ: ‘ಎಚ್’ ನಲ್ಲಿರುವ ಧೈವತವೇ ಸಂಖ್ಯೆಗಳ ಸಾಲಿನ ‘1’ ರಲ್ಲಿಯೂ ಇದೆ. ಒಂದಕ್ಕೆ 405, ಇನ್ನೊಂದಕ್ಕೆ 400 ಕೊಟ್ಟು ಕೇಳಿ. ಪುಸ್ತಕದಲ್ಲಿ ಓದಿ ತಲೆಬಿಸಿ ಮಾಡಿಕೊಂಡ ವಿಷಯ ಎರಡು ಕೀಲಿಗಳಲ್ಲಿ ಕಿವಿಗೆ ಸಿಗುತ್ತದೆ.

ಪ್ರಶ್ನೆ: ಸ್ವರವನ್ನು ಬಳುಕಿಸುವ ಗಮಕವಿಲ್ಲದೆ ಇದೆಂಥ ಸಂಗೀತ? ತೋಡಿಯ ಗಾಂಧಾರವನ್ನು ಈ ಗುಂಡಿಗಳಲ್ಲಿ ನುಡಿಸಿ ತೋರಿಸಿ ನೋಡೋಣ. (ಹಾಸನದ ಹಿರಿಯ ಓದುಗರು)

ಉತ್ತರ: ತೋರಿಸಲಾರೆ. ತೋಡಿಯ ಗಾಂಧಾರ ಒಂದು ಸ್ಥಾನದಲ್ಲಿ ನಿಲ್ಲುವ ಸ್ವರವಲ್ಲ, ಅದೊಂದು ಚಲನೆ. ‘ಡಿ’ ಕೀಲಿಯನ್ನು ಒತ್ತಿ ಹಿಡಿದರೆ ಬರುವುದು ಆ ಸ್ವರಸ್ಥಾನವಷ್ಟೇ, ತೋಡಿಯಲ್ಲ. ಮಿಡಿಯಲ್ಲಿ ಸ್ವರವನ್ನು ಬಾಗಿಸುವ ಏರ್ಪಾಡಿದೆ, 16,384 ಮೆಟ್ಟಿಲುಗಳ ನಯವೂ ಅದಕ್ಕಿದೆ. ಮೌಸನ್ನು ಮೇಲೆ ಕೆಳಗೆ ಎಳೆದು ಆ ಬಾಗನ್ನು ತರಬಹುದು. ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನೋಡಿದೆ. ಜಾರು ತಕ್ಕಮಟ್ಟಿಗೆ ಬಂತು, ಕಂಪಿತ ಬರಲಿಲ್ಲ, ಏಕೆಂದರೆ ಒಂದು ಕೈ ಸ್ವರ ಹಿಡಿದು ಇನ್ನೊಂದು ಕೈ ಅದನ್ನು ಅಲುಗಿಸುವುದು ವೀಣೆಯಲ್ಲಿ ಒಂದೇ ಬೆರಳು ತಂತಿಯನ್ನು ಎಳೆಯುವುದಕ್ಕೆ ಸಮನಾಗದು. ಕೀಲಿಗೆ ಒತ್ತಡದ ಅರಿವೂ ಇಲ್ಲ, ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದಕ್ಕೆ ಒಂದೇ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರಲ್ಲವೇ ಎಂದು ಕೆಲವರು ನನ್ನನ್ನು ಹುರಿದುಂಬಿಸಿದ್ದಾರೆ. ಅಲ್ಲಿ ಉಸಿರೂ ತುಟಿಯೂ ಸ್ವರವನ್ನು ಬಾಗಿಸುತ್ತವೆ, ಇಲ್ಲಿ ಬಾಗುವುದಕ್ಕೆ ಏನೂ ಇಲ್ಲ.

ಇದೇ ಆಕ್ಷೇಪಣೆ ಹಾರ್ಮೋನಿಯಂ ಮೇಲೂ ಬಂದಿತ್ತು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು, 1971ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಆ ಮೂರು ದಶಕಗಳಲ್ಲಿಯೂ ನಮ್ಮ ನಾಟಕ ಕಂಪನಿಗಳು, ಭಜನಾ ಮಂದಿರಗಳು ಅದನ್ನು ಬಿಡಲಿಲ್ಲ. ಗಮಕ ಬಾರದಿದ್ದರೂ ಅದಕ್ಕೆ ತಕ್ಕ ಕೆಲಸ ಇತ್ತು. ಕೀಲಿಮಣೆಗೂ ಕಛೇರಿಯ ವೇದಿಕೆ ಬೇಡ, ಅಭ್ಯಾಸದ ಮೇಜು ಸಾಕು.

ಆ ಮೇಜಿನ ಮೇಲೆ ಅದು ಚೆನ್ನಾಗಿ ಮಾಡುವ ಒಂದು ಕೆಲಸವಿದೆ, ತಾವು ಒಪ್ಪುವುದಾದರೆ ಅದನ್ನು ಮಾತ್ರ ಪರೀಕ್ಷಿಸಿ ನೋಡಬೇಕು. ಶಂಕರಾಭರಣದ ಕೀಲಿಗಳನ್ನೇ ಇಟ್ಟುಕೊಂಡು ಆಧಾರಸ್ವರವನ್ನು ಮಾತ್ರ ‘ವಿ’ ಯಿಂದ ‘ಬಿ’ ಗೆ ಸರಿಸಿ, ತಂಬೂರಿಯನ್ನೂ ಅಲ್ಲಿಗೇ ಸೇರಿಸಿ, ಬಿ, ಎನ್, ಎಫ್, ಜಿ, ಎಚ್, ಜೆ, ಟಿ ಎಂದು ಏರಿ ‘ವೈ’ ಯಲ್ಲಿ ನಿಲ್ಲಿ. ಕೇಳುವುದು ಖರಹರಪ್ರಿಯದ ಸ್ವರಗಳು. ‘ಎನ್’ ನಿಂದ ಹೊರಟರೆ ಹನುಮತೋಡಿಯವು, ‘ಎಫ್’ ನಿಂದ ಕಲ್ಯಾಣಿಯವು, ‘ಜಿ’ ಯಿಂದ ಹರಿಕಾಂಭೋಜಿಯವು, ‘ಎಚ್’ ನಿಂದ ನಟಭೈರವಿಯವು. ‘ಜೆ’ ಯಿಂದ ಹೊರಟರೆ ಮಾತ್ರ, ಬಲಮೇಲೆ ಪಂಚಮ ಇರಬೇಕಾದ ‘ಐ’ ಕೀಲಿ ನಾವು ಆರಿಸಿಕೊಂಡ ಏಳರಲ್ಲಿ ಸೇರಿರುವುದಿಲ್ಲ. ಪಂಚಮವಿಲ್ಲದ ಮೇಳ (ಏಳೂ ಸ್ವರಗಳ ಮೂಲರಾಗ) ಇಲ್ಲವಾದ್ದರಿಂದ ಗ್ರಹಭೇದದ, ಅಂದರೆ ಹೀಗೆ ಆಧಾರಸ್ವರ ಸರಿಸಿ ಬೇರೆ ರಾಗ ಪಡೆಯುವ, ಸರಣಿ ಆ ಕೀಲಿಯ ಮುಂದೆ ನಿಂತುಬಿಡುತ್ತದೆ.